ಸಂಪೆಸರದ ಕೊನೇ ಟ್ರಿಪ್ಪು

ಸಾಗರದ ಗಣಪತಿ ಕೆರೆಯ ಹಿಂದುಗಡೆ ತಗಡು ಹೊದಿಸಿದ ಒಂದು ಗ್ಯಾರೇಜು. ಅರವತ್ತೊಂಬತ್ತನೇ ಇಸವಿಯ ಆಷಾಢ. ಬೆಳಗ್ಗೆ ಹಿಡಿದ ಮಳೆ ದೇವರಿಗೆ ದೀಪ ಹಚ್ಚುವ ಹೊತ್ತಾದರೂ ಬಿಟ್ಟಿರಲಿಲ್ಲ. ತಗಡಿನ ಮೇಲೆ ಅದು ಸುರಿಯುವ ಸದ್ದಿಗೆ ಪಕ್ಕದವರ ಮಾತು ಕೇಳಬೇಕಾದರೂ ತಲೆ ಹತ್ತಿರ ತರಬೇಕಾಗಿತ್ತು. ಹೊಸನಗರಕ್ಕೆ ಹೊರಟಿದ್ದ ಬಾಡಿಗೆ ಕಾರೊಂದು ಒಳಗೆ ಬಾನೆಟ್ ತೆರೆದುಕೊಂಡು ನಿಂತಿತ್ತು. ಅದರ ಡ್ರೈವರ್ ಗಣೇಶಮೂರ್ತಿ, ಅದರಲ್ಲಿ ಬಂದಿದ್ದ ವಾಗ್ದೇವಿ ಟೀಚರ್, ಮಳೆಗೆ ಹೆದರಿ ಒಳಗೆ ನುಗ್ಗಿದ್ದ ಲಾರಿಯವರು ನಾಲ್ಕು ಜನ, ಎಲ್ಲರೂ ಒಡೆದ ಪೆಟ್ಟಿಗೆಯ ಹಲಗೆ ಉರಿಸಿಕೊಂಡು ಅದರ ಸುತ್ತ ಕೂತಿದ್ದರು.

ನಿನ್ನೆಯಷ್ಟೇ ಹೊಸ ಬ್ಯಾಟರಿ ಹಾಕಿದ್ದೇನೆ, ಆದರೂ ಡೈನಮೋ ಚಾರ್ಜು ಕೊಡುತ್ತಿಲ್ಲ, ಸ್ಟೇರಿಂಗಿನ ಎದುರಿನ ಕೆಂಪು ದೀಪ ಆರುತ್ತಲೇ ಇಲ್ಲ ಎಂದು ಗಣೇಶಮೂರ್ತಿ ಮೂರನೇ ಸಲ ಹೇಳಿ, ಎದ್ದು ಹೋಗಿ ಟೈರಿಗೆ ಒಂದು ಒದ್ದ.

ಮೂಲೆಯ ಬೆಂಚಿನಲ್ಲಿದ್ದ ಪುಟ್ಟಪ್ಪಜ್ಜ ಆ ಸದ್ದಿಗೆ ತಲೆ ಎತ್ತಿದರು. ಗ್ಯಾರೇಜು ಅವರದೇ, ಈಗ ಮಗ ನಡೆಸುತ್ತಿದ್ದ. ಮೂವತ್ತು ವರ್ಷ ಡೈನಮೋಗಳಿಗೆ ತಂತಿ ಸುತ್ತಿ ಅವರ ಕಣ್ಣು ಮಬ್ಬಾಗಿತ್ತು. ಬೆರಳುಗಳಿಗೆ ಮಾತ್ರ ಸುಮ್ಮನಿರುವುದು ತಿಳಿಯದು. ತುಳಸಿ ಮಣಿಗಳನ್ನು ಒಂದೊಂದಾಗಿ ಜಾರಿಸುತ್ತಿದ್ದವು.

"ಒದೀಬೇಡ ತಮ್ಮ," ಎಂದರು ಅಜ್ಜ. "ಕಬ್ಬಿಣಕ್ಕೂ ನೆನಪಿರ್ತದೆ. ಮಗ ಊಟ ಮುಗಿಸ್ಕೊಂಡು ಬಂದು ನೋಡ್ತಾನೆ. ಅಲ್ಲೀವರೆಗೆ ಕೂತ್ಕೋ. ಇಂಥದೇ ಒಂದು ಡೈನಮೋ, ಇಂಥದೇ ಹೊಸ ಬ್ಯಾಟ್ರಿ... ಅದರ ಕತೆ ಹೇಳ್ತೀನಿ."

ಲಾರಿಯವರು ಬೆಂಕಿಗೆ ಇನ್ನೆರಡು ಹಲಗೆ ತಳ್ಳಿದರು. ಅಜ್ಜ ಹೇಳಿದ್ದು ಇದು.

ಲಿಂಗನಮಕ್ಕಿ ಕಟ್ಟೆ ಎದ್ದು ಶರಾವತಿ ನಿಂತಿದ್ಲಲ್ಲ, ಆ ವರ್ಷದ ಮಾತು. ಈಗೊಂದು ಐದು ವರ್ಷ ಆಯ್ತಾ... ಆ ನೀರು ಹೇಗೆ ಬಂತು ಅಂತೀರಿ? ಹೊಳೆ ಉಕ್ಕಿದ ಹಾಗೆ ಸದ್ದು ಮಾಡ್ಕೊಂಡು ಬರ್ಲಿಲ್ಲ. ಬೆಕ್ಕು ಬಂದ ಹಾಗೆ ಬಂತು. ಇವತ್ತು ಗದ್ದೆ ಬದುವಿನ ಹತ್ರ ಇದ್ದದ್ದು ನಾಳೆ ಬೆಳಗಾಗೋದ್ರೊಳಗೆ ಕೊಟ್ಟಿಗೆ ಹೊಸ್ತಿಲಲ್ಲಿ ಕೂತಿರ್ತಿತ್ತು. ಊರಿಗೆ ಊರೇ ಗಂಟು ಕಟ್ಟಿ ಎದ್ದವು. ಕೆಲವರಿಗೆ ಹೊಸನಗರದ ಕಡೆ ಜಾಗ ಕೊಟ್ರು, ಕೆಲವರು ತೀರ್ಥಹಳ್ಳಿ ಕಡೆ ನೆಂಟರ ಹತ್ರ ಹೋದ್ರು. ಸಾಮಾನು, ದನಕರ ಲಾರಿಯಲ್ಲಿ ಹೋಯ್ತು, ಸರಿ. ಬಾಣಂತಿಯರು, ಎಳೆ ಮಕ್ಳು, ಎದ್ದು ನಿಲ್ಲಕ್ಕಾಗದ ಮುದುಕರು... ಅವರನ್ನ ಆ ಮಳೇಲಿ ಲಾರಿ ಮೇಲೆ ಕೂರ್ಸಕ್ಕಾಗ್ತದಾ?

ಅವರನ್ನ ಸಾಗಿಸಿದ್ದು ಸುಬ್ಬಪ್ಪ. ನಮ್ಮ ಸಾಗರದ ವೆಂಕಟ್ರಮಣ ಹೆಗಡೇರದ್ದೊಂದು ಹಳೇ ಕಪ್ಪು ಕಾರಿತ್ತು, ಅದರ ಡ್ರೈವರು. ಮಾತು ಕಡಿಮೆ, ಕೆಲಸ ಜಾಸ್ತಿ. ವೈಪರು ಕೆಟ್ರೆ ಕೈಲಿ ಒಂದು ಎಸಳು ಹೊಗೆಸೊಪ್ಪು ಒದ್ದೆ ಮಾಡ್ಕೊಂಡು ಗಾಜಿಗೆ ಉಜ್ಜೋನು, ಮಳೆಹನಿ ನಿಲ್ಲದೆ ಜಾರಿ ಹೋಗ್ತಿತ್ತು. ಅವನ ಕಾರಿಗೆ ಯಾವಾಗಲೂ ಹೊಗೆಸೊಪ್ಪಿನ ವಾಸನೆ. ಒಪ್ಕೊಂಡ ಟ್ರಿಪ್ಪು ಅರ್ಧಕ್ಕೆ ಬಿಟ್ಟ ಅನ್ನೋ ಮಾತನ್ನ ಇಡೀ ಸಾಗರ ಪೇಟೇಲಿ ಯಾರೂ ಆಡ್ಲಿಲ್ಲ.

ಆವಿನಹಳ್ಳಿ ದಾಟಿ ಆಚೆ ಸಂಪೆಸರ ಅಂತ ಒಂದು ಸಣ್ಣ ಊರಿತ್ತು. ಅಲ್ಲಿ ಕೊನೇಗೆ ಉಳಿದೋರು ಒಂದು ಮನೆ ಮಕ್ಳು, ಮತ್ತೆ ವೆಂಕಮ್ಮ ಅಂತ ಒಬ್ರು ಮುದುಕಿ. ಸುಬ್ಬಪ್ಪ ಹೋದಾಗ ವೆಂಕಮ್ಮ ಕಾರು ಹತ್ತಲ್ಲ ಅಂದ್ರಂತೆ. ಯಾಕೆ? ದನ ಕಾಡಿಗೆ ಹೋಗಿ ಎರಡು ದಿನ ಆಗಿದೆ, ಅದು ಬರದೆ ನಾನು ಬರಲ್ಲ. ಮಕ್ಕಳನ್ನ ಮೊದ್ಲು ಮುಟ್ಟಿಸು, ನಾನು ಕಾಯ್ತಿರ್ತೀನಿ. ಸುಬ್ಬಪ್ಪ ಅಂದನಂತೆ, "ವೆಂಕಕ್ಕ, ನೀವು ಎಲ್ಲೂ ಹೋಗ್ಬೇಡಿ. ನಾನು ಬಂದೇ ಬರ್ತೀನಿ."

ಮಕ್ಕಳನ್ನ ಕೋಣಂದೂರಿಗೆ ಮುಟ್ಟಿಸ್ದ. ಅಲ್ಲೇ ಎದೆ ಹಿಡ್ಕೊಂಡು ಕೂತನಂತೆ. ಉಳಿದು ನಾಳೆ ಹೋಗು ಅಂದ್ರು, ಕೇಳ್ಲಿಲ್ಲ. ಹೊಸನಗರ ದಾಟಿ, ಬಟ್ಟೆಮಲ್ಲಪ್ಪದ ಈಚೆ, ಒಂದು ನಂದಿ ಮರದ ಕೆಳಗೆ ಕಾರು ನಿಲ್ಲಿಸಿ, ಸ್ಟೇರಿಂಗ್ ಮೇಲೆ ತಲೆ ಇಟ್ಟ... ಮತ್ತೆ ಎತ್ಲಿಲ್ಲ. ಹಗಲೇ ಕತ್ತಲಾಗಿದ್ದ ಮಳೆ, ದೊಡ್ಡ ಲೈಟು ಹಾಕ್ಕೊಂಡೇ ಬಂದಿದ್ದ. ಬೆಳಗ್ಗೆ ದನ ಹೊಡ್ಕೊಂಡು ಹೋಗೋರು ನೋಡುವಾಗ ಆ ಲೈಟು ಎಣ್ಣೆ ಬತ್ತಿದ ಹಣತೆ ಹಾಗೆ ಕೆಂಪಗೆ ಒಂಚೂರು ಮಿನುಗ್ತಿತ್ತಂತೆ. ಅವರೆದುರೇ ಆರಿತು. ಬ್ಯಾಟ್ರಿ ಅವನ ಜೊತೇಲೇ ಹೋಯ್ತು ಅನ್ನಿ.

ಅವನ ಹೆಂಡತಿ ಶೇಷಮ್ಮ. ಅವಳ ತಮ್ಮ ಮಾಸ್ತಪ್ಪ ಇದೇ ಗ್ಯಾರೇಜಲ್ಲಿ, ಆ ಟೀಚರಮ್ಮ ಕೂತಿದಾರಲ್ಲ, ಅಲ್ಲಿ ಕೂತು ಕೆಲಸ ಮಾಡ್ತಿದ್ದ. ಅವನಿಗೆ ಸ್ಪಾನರು ಹಿಡಿಯೋದು ಕಲಿಸಿದ್ದೇ ಭಾವ. ಹನ್ನೊಂದನೇ ದಿನ ಅವರ ಮನೇಲಿ ಬೂದಿ ಜರಡಿ ಹಿಡಿದು ನೆಲದ ಮೇಲೆ ಹರವಿ ಬುಟ್ಟಿ ಮುಚ್ಚಿಟ್ರು. ಸತ್ತೋರು ಮನೆಗೆ ಬಂದ್ರೆ ಬೆಳಗ್ಗೆ ಬೂದಿ ಮೇಲೆ ಏನಾದ್ರೊಂದು ಗುರುತು ಇರ್ತದೆ, ನಿಮಗೂ ಗೊತ್ತಲ್ಲ. ಬುಟ್ಟಿ ಎತ್ತಿ ನೋಡಿದ್ರೆ ಬೂದಿ ಹರವಿದ ಹಾಗೇ ಇತ್ತು. ಶೇಷಮ್ಮ ಅಳ್ಲಿಲ್ಲ. ತಮ್ಮನ ಹತ್ರ ಇಷ್ಟೇ ಅಂದ್ಲು, ಮಾಸ್ತ, ನಿಮ್ಮ ಭಾವ ಇನ್ನೂ ದಾರೀಲೇ ಇದಾರೆ.

ದೊಡ್ಡ ಹಬ್ಬಕ್ಕೆ, ಅದೇ ದೀಪಾವಳಿಗೆ, ಆ ವರ್ಷ ತೀರಿಕೊಂಡೋರನ್ನ ಹೆಸರು ಹಿಡಿದು ಕರೆದು ಹಿರಿಯರ ಸಾಲಿಗೆ ಸೇರಿಸ್ತಾರೆ, ಎಡೆ ಇಡ್ತಾರೆ. ಅವಳಿಗೆ ಬೇಕಾಗಿದ್ದು ಅದೊಂದೇ. ಗಂಡ ಹಬ್ಬದೊಳಗೆ ಮನೆ ಸೇರ್ಬೇಕು. ದಾರೀಲಿರೋನನ್ನ ಸಾಲಿಗೆ ಸೇರಿಸೋದು ಹೇಗೆ?

ಅಷ್ಟರಲ್ಲಿ ಹೆಗಡೇರು ಬಂದು ಮಾಸ್ತಪ್ಪಂಗೆ ಹೇಳಿದ್ರು, ಕಾರು ಮೂರು ತಿಂಗಳಿಂದ ಶೆಡ್ಡಲ್ಲಿ ನಿಂತಿದೆ, ಶಿವಮೊಗ್ಗದಿಂದ ಹೊಸ ಬ್ಯಾಟ್ರಿ ತರಿಸಿದೀನಿ, ನೀನೇ ಹಾಕಿ ನೀನೇ ಓಡಿಸು, ನಿನ್ನ ಅಕ್ಕನ ಮನೆ ನಡೀಲಿ. ಮಾಸ್ತಪ್ಪ ನಿಂಬೆಹಣ್ಣು ಇಟ್ಟು, ಕುಂಕುಮ ಹಚ್ಚಿ, ಬ್ಯಾಟ್ರಿ ಕೂರಿಸ್ದ. ಗಾಡಿ ಒಂದೇ ಏಟಿಗೆ ಸ್ಟಾರ್ಟಾಯ್ತು. ಹಾರ್ನು ಬಂತು, ಲೈಟು ಬಂತು. ಕೆಂಪು ದೀಪ ಮಾತ್ರ ಆರ್ಲಿಲ್ಲ. ಅಷ್ಟೇ ಅಲ್ಲ, ಎಕ್ಸಲೇಟರ್ ತುಳಿದಷ್ಟೂ ಅದು ಜೋರಾಗಿ ಉರೀತಿತ್ತು.

ಬೆಲ್ಟು ಸಡಿಲಾ ಅಂತ ಹೆಬ್ಬೆಟ್ಟು ಒತ್ತಿ ನೋಡ್ದ, ಬಿಗಿಯಾಗಿತ್ತು. ಡೈನಮೋ ಬಿಚ್ಚಿ ಒಳಗಿನ ಕಾರ್ಬನ್ನು ಹೊಸದು ಹಾಕ್ದ. ಡೈನಮೋದಿಂದ ಬ್ಯಾಟ್ರಿಗೆ ಕರೆಂಟು ಬಿಡೋ ಕಟೌಟಿನ ಪಾಯಿಂಟು ಸುಟ್ಟು ಕಪ್ಪಾಗಿತ್ತು, ಉಪ್ಪುಕಾಗದದಲ್ಲಿ ಉಜ್ಜಿ ಬೆಳ್ಳಗೆ ಮಾಡ್ದ. ಮಾರನೇ ದಿನ ಮತ್ತೆ ಕಪ್ಪು. ಬ್ಯಾಟ್ರಿಯಿಂದ ಕಾರಿನ ಮೈ ತಗಡಿಗೆ ಹೋಗೋ ವಯರು ಕೆರೆದು ಬಿಗಿದ. ನಾನೂ ಬೆರಳಾಡಿಸಿ ನೋಡ್ದೆ, ಡೈನಮೋದಲ್ಲಿ ಒಂದು ತಪ್ಪಿಲ್ಲ. ಮೂವತ್ತು ವರ್ಷದ ಅನುಭವ ಅಂತ ಎದೆ ತಟ್ಕೊಳ್ತಿದ್ನಲ್ಲ, ನನಗೂ ಹೊಳೀಲಿಲ್ಲ. ಗ್ಯಾರೇಜಲ್ಲಿ ಬ್ಯಾಟ್ರಿ ತುಂಬಿಸಿ ಕಳಿಸೋದು, ಸಂಜೆ ಹೊತ್ತಿಗೆ ಅದು ಖಾಲಿಯಾಗಿ ಗಾಡಿ ಎಲ್ಲೋ ನಿಲ್ಲೋದು. ನಾಲ್ಕು ದಿನ ಇದೇ ಆಯ್ತು.

ಐದನೇ ದಿನ ಆವಿನಹಳ್ಳಿ ಆಚೆ ದೋಣಿ ಕಡವಿಗೆ ಇಬ್ಬರನ್ನ ಬಿಟ್ಟು ಮಾಸ್ತಪ್ಪ ಗಾಡಿ ತಿರುಗಿಸ್ಬೇಕು. ಸಂಜೆ ಐದು ಗಂಟೆ, ಹಿಂಗಾರಿನ ಮಳೆ. ಆ ಜಾಗ ನೋಡಿದೀರಾ? ಸಂಪೆಸರಕ್ಕೆ ಹೋಗ್ತಿದ್ದ ಹಳೇ ರಸ್ತೆ ಏನೂ ಆಗಿಲ್ಲ ಅನ್ನೋ ಹಾಗೆ ಸೀದಾ ನೀರಿಗೆ ಇಳಿದು ಹೋಗ್ತದೆ. ಅದರ ಬಾಯಲ್ಲೇ ಗಾಡಿ ನಿಂತ್ಕೊಂಡ್ತು. ವೈಪರು ಅರ್ಧಕ್ಕೆ ನಿಂತಿತ್ತು, ಗಾಜಿನ ಮೇಲೆ ನೀರು ಬಿಟ್ರೆ ಏನೂ ಕಾಣದು. ಮಾಸ್ತಪ್ಪ ಇಂಜಿನ್ ತಿರುಗಿಸೋ ಹ್ಯಾಂಡಲ್ ತೆಗೀಲಿಕ್ಕೆ ಅಂತ ಸೀಟಿನ ಕೆಳಗೆ ಬಗ್ಗಿದ. ತಲೆ ಎತ್ತಿದ್ರೆ ಗಾಜು ಸ್ವಚ್ಛ. ಹೊರಗೆ ಮಳೆ ಸುರೀತಾನೇ ಇದೆ, ಗಾಜಲ್ಲಿ ಒಂದು ಹನಿ ನಿಲ್ತಿಲ್ಲ. ಕಾರೊಳಗೆ ಹಸಿ ಹೊಗೆಸೊಪ್ಪಿನ ವಾಸನೆ...

"ಮಾಸ್ತ, ಸ್ವಲ್ಪ ಆಚೆ ಸರಿ. ವೆಂಕಕ್ಕ ಕಾಯ್ತಿದಾರೆ."

ಕಿವಿ ಪಕ್ಕದಲ್ಲೇ. ನಿಮಗಾಗಿದ್ರೆ ಏನು ಮಾಡ್ತಿದ್ರಿ? ಅವನ ಬಾಯಿಗೆ ಬಂದದ್ದು ನಾಲ್ಕು ದಿನದಿಂದ ತಲೇಲಿ ಕೊರೀತಿದ್ದ ಮಾತು.

"ಭಾವ, ಡೈನಮೋ ಚಾರ್ಜು ಕೊಡ್ತಿಲ್ಲ."

ಮೊದಲಿನ ಹಾಗೇ, ಕಲಿಸ್ಕೊಡೋ ದನಿ. "ಹೇಗೆ ಕೊಡ್ತದೆ? ಈ ಗಾಡೀಲಿ ಮೈ ತಗಡಿಗೆ ಕಟ್ಬೇಕಾದ್ದು ಪ್ಲಸ್ಸು. ಹೊಸ ಬ್ಯಾಟ್ರೀಲಿ ಪ್ಲಸ್ಸು ಮೈನಸ್ಸಿನ ಕಂಬ ಅದಲು ಬದಲು ಇತ್ತು, ವಯರು ಎಲ್ಲಿಗೆ ಎಟುಕ್ತೋ ಅಲ್ಲಿಗೆ ಕಟ್ಟಿದೀಯ. ಇರ್ಲಿ, ಅದೂ ನಡೀತದೆ. ಆದ್ರೆ ಡೈನಮೋಕ್ಕೆ ಅದು ಗೊತ್ತಾಗ್ಬೇಕಲ್ಲ. ಹಳೇ ದಿಕ್ಕಿಗೇ ಕರೆಂಟು ತಳ್ತಾ ಕೂತಿದೆ, ಪಾಪ. ಬ್ಯಾಟ್ರಿಯಿಂದ ಒಂದು ವಯರು ತಂದು ಅದರ ಸಣ್ಣ ಟರ್ಮಿನಲ್ಲಿಗೆ ಒಂದು ಚಣ ಮುಟ್ಸು. ಮುಟ್ಟಿಸಿ ಹೇಳಿದ್ರೆ ತಿಳ್ಕೊಳ್ತದೆ."

ಇಲ್ಲಿ ಗಣೇಶಮೂರ್ತಿ ತನ್ನ ಕಾರಿನ ಬಾನೆಟ್ಟಿನ ಕಡೆ ಒಮ್ಮೆ ನೋಡಿದ. ನೀನೂ ಎಟುಕಿದಲ್ಲಿಗೆ ಕಟ್ಟಿದೀಯೇನೋ ಎಂದು ಲಾರಿಯವನೊಬ್ಬ ಕೇಳಿದ್ದಕ್ಕೆ, ಕತೆ ಕೇಳು ಎಂದು ಗದರಿದ. ಅಜ್ಜ ನಕ್ಕು ಮುಂದುವರಿಸಿದರು.

ಮಾಸ್ತಪ್ಪ ಮಳೇಲಿ ಇಳಿದು, ವಯರು ಮುಟ್ಟಿಸ್ದ. ಮಿಂಚುಹುಳದಷ್ಟು ಒಂದು ಕಿಡಿ ಹಾರ್ತು, ಅಷ್ಟೇ. ಹ್ಯಾಂಡಲ್ ಹೊಡೆದ. ಗಾಡಿ ಸ್ಟಾರ್ಟಾಯ್ತು, ಕೆಂಪು ದೀಪ ಆರಿತು. ಸೀಟಿನ ಕಡೆ ನೋಡಿದ್ರೆ ಯಾರಿಲ್ಲ.

ಸೀದಾ ಅಕ್ಕನ ಮನೆಗೆ ಬಂದು ಎಲ್ಲಾ ಹೇಳ್ದ. ಶೇಷಮ್ಮ ಒಲೆ ಮುಂದೆ ಕೂತು ಕೇಳಿದ್ಲು. ಕೇಳಿ, ಒಂದು ಮಾತು ಅಂದ್ಲು. "ಡೈನಮೋಕ್ಕೆ ನೀನು ಹೇಳಿದೆ. ಅವರಿಗೆ ಯಾರು ಹೇಳಿದ್ರು?"

ನೋಡಿ, ನಾವು ಇಷ್ಟು ಗಂಡಸರು ಗ್ಯಾರೇಜು ಕಟ್ಕೊಂಡು ಕೂತಿದ್ವಿ, ಯಾರಿಗೂ ಬರದ ಮಾತು. ವೆಂಕಮ್ಮ ಬದುಕಿದಾರಾ, ಮುಳುಗಿದ್ರಾ, ಅದನ್ನೂ ಯಾರೂ ವಿಚಾರಿಸಿರ್ಲಿಲ್ಲ. ಮಾಸ್ತಪ್ಪ ಕೇಳ್ಕೊಂಡು ಕೇಳ್ಕೊಂಡು ಹೋದ. ಕೋಣಂದೂರು ಸಂತೇಲಿ ಮಗಳ ಜೊತೆ ಸೌತೆಕಾಯಿ ಮಾರ್ತಾ ಕೂತಿದ್ರು ಮುದುಕಿ, ಗಟ್ಟಿಮುಟ್ಟಾಗಿ. ಇವನು ಯಾರಂತ ತಿಳಿದದ್ದೇ ಶುರು ಮಾಡಿದ್ರು.

"ಓಹೋ, ಸುಬ್ಬಪ್ಪನ ಭಾವಮೈದನಾ? ಬಾ ಮಾರಾಯ, ಕೂತ್ಕೋ. ನಿಮ್ಮ ಭಾವನ ಕಾರು ಅಂತೂ ಸಂಪೆಸರಕ್ಕೆ ಮುಟ್ಟಿತಾ? ನಾನು ಮೊಣಕಾಲು ನೀರಲ್ಲಿ ನಿಂತು ಕಾದೆ ಅಂತ ಹೇಳು ಅವನಿಗೆ. ದೋಣಿಯೋರು ಬಂದು ಕೈ ಹಿಡಿದು ಎಳ್ಕೊಳ್ಳದಿದ್ರೆ ನಾನೀಗ ಮೀನಿಗೆ ಅನ್ನ. ದನ ಹಿಂದಿಂದೆ ಈಜ್ಕೊಂಡು ಬಂತು. ದನಕ್ಕಿರೋ ನಿಯತ್ತು ಆ ಮನುಷ್ಯಂಗೆ ಇರ್ಲಿಲ್ಲ."

ಊರೆಲ್ಲಾ ಅದನ್ನೇ ಹೇಳ್ಕೊಂಡು ತಿರುಗಿದ್ರಂತೆ, ಮಾತು ಕೊಟ್ಟು ತಪ್ಪಿದ ಅಂತ. ಮಾಸ್ತಪ್ಪ ತಲೆ ತಗ್ಗಿಸ್ಕೊಂಡು ನಡೆದದ್ದು ನಡೆದ ಹಾಗೆ ಹೇಳ್ದ. ಮುದುಕಿ ಸೆರಗು ಬಾಯಿಗೆ ಒತ್ಕೊಂಡ್ರು. ಸಂತೆ ಅದರ ಪಾಡಿಗೆ ನಡೀತಿತ್ತು.

"ಕಾರಿನ ಮುಖ ಯಾವ ಕಡೆಗಿತ್ತು?" ಅಂತ ಕೇಳಿದ್ರು ಕೊನ್ಗೆ.

"ಸಾಗರದ ಕಡೆ. ನಿಮ್ಮ ಕಡೆಗೇ ಹೊರಟಿದ್ರು."

ವೆಂಕಮ್ಮ ಸೌತೆಕಾಯಿ ಬುಟ್ಟಿ ಮಗಳ ಕಡೆ ತಳ್ಳಿ ಎದ್ರು. ನಡಿ, ಅಂದ್ರು.

ದೊಡ್ಡ ಹಬ್ಬದ ಹಿಂದಿನ ದಿನ, ಮಧ್ಯಾಹ್ನ ನಾಲ್ಕು ಗಂಟೆ. ಮಳೆ ನಿಂತು ಹೊಳವಾಗಿತ್ತು. ನೀರು ಕಂಚಿನ ತಟ್ಟೆ ಹಾಗೆ ಅಲುಗದೆ ಬಿದ್ದಿತ್ತು, ಮುಳುಗಿದ ಮರಗಳ ತಲೆ ಮಾತ್ರ ಮೇಲೆ. ಅದೇ ರಸ್ತೆಯ ಬಾಯಲ್ಲಿ ಕಾರು ನಿಲ್ಸಿದ್ರು. ಹಿಂದಿನ ಸೀಟಲ್ಲಿ ವೆಂಕಮ್ಮ, ಶೇಷಮ್ಮ. ಮಾಸ್ತಪ್ಪ ಇಂಜಿನ್ ಆರಿಸ್ದೆ ಇಳಿದು, ಡ್ರೈವರ್ ಸೀಟು ಒರೆಸಿ, ಬಿಟ್ಟು, ದೂರ ನಿಂತ್ಕೊಂಡ.

ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ಹೊಗೆಸೊಪ್ಪಿನ ವಾಸನೆ. ಇಂಜಿನ್ನು ಒಂಚೂರು ಜೋರಾಯ್ತು, ಯಾರೋ ಎಕ್ಸಲೇಟರ್ ಮೇಲೆ ಕಾಲಿಟ್ಟ ಹಾಗೆ. ವೆಂಕಮ್ಮಂಗೆ ಹೆದರಿಕೆ ಆಗ್ಲಿಲ್ವಂತೆ. ಮುಂದೆ ಬಗ್ಗಿ ಆ ಸೀಟಿನ ಬೆನ್ನ ಮೇಲೆ ಅಂಗೈ ಇಟ್ರು.

"ಸುಬ್ಬಪ್ಪ, ನಾನು ವೆಂಕಕ್ಕ. ದೋಣಿ ಸಿಕ್ತು, ದಡ ಸೇರ್ದೆ. ದನಾನೂ ಬಂತು. ನಿನ್ನ ಬೈದೆ, ಗೊತ್ತಿಲ್ದೆ ಬೈದೆ. ನೀನಿನ್ನು ಬರ್ಬೇಕಾಗಿಲ್ಲ ಮಗಾ."

ಇಂಜಿನ್ ಸದ್ದು ನಿಧಾನಕ್ಕೆ ಇಳೀತು. ದೊಡ್ಡದೊಂದು ಉಸಿರು ಬಿಟ್ಟ ಹಾಗೆ. ಶೇಷಮ್ಮ ಅಂದ್ಲು, "ಬನ್ನಿ, ಮನೆಗೆ ಹೋಗಣ. ನಾಳೆ ಹಬ್ಬ."

"ಬರ್ತೀನಿ," ಅಂತು ದನಿ. ಇಬ್ಬರಿಗೂ ಕೇಳಿಸ್ತು, ದೂರ ನಿಂತ ಮಾಸ್ತಪ್ಪಂಗೂ ಕೇಳಿಸ್ತು. "ವೆಂಕಕ್ಕ... ನಿಮ್ಮ ಯಜಮಾನ್ರು ಯಾರ ಜೊತೆ ಹೋದ್ರು?"

ವೆಂಕಮ್ಮನ ಗಂಡ ತೀರಿ ಒಂಬತ್ತು ವರ್ಷ ಆಗಿತ್ತು. ಸಂಪೆಸರದ ಮನೆ ಹಿತ್ಲಲ್ಲಿ, ಹಲಸಿನ ಮರದ ಬುಡದಲ್ಲಿ ಮಣ್ಣು ಮಾಡಿದ್ದು. ಈಗ ಅದರ ಮೇಲೆ ಎಷ್ಟು ಆಳು ನೀರೋ... ಮುದುಕಿ ಅಂದ್ರು, "ಅವ್ರನ್ನ ಯಾರೂ ಕರೀಲಿಲ್ಲ ಮಗಾ. ದನ ಕರ್ದೆ ನಾನು, ಅವ್ರನ್ನ ಕರೀಲಿಲ್ಲ."

ಡ್ರೈವರ್ ಕಡೆ ಬಾಗ್ಲು ತೆಗೀತು. ಮೆಲ್ಲಗೆ ಹಾಕ್ಕೊಂಡ್ತು. ರಸ್ತೆ ನೀರಿಗೆ ಇಳಿಯೋ ಜಾಗದಲ್ಲಿ ಒಂದು ಉಂಗುರ ಎದ್ದು ಅಗಲ ಆಯ್ತು, ಅದರ ಮುಂದೆ ಇನ್ನೊಂದು, ಅದರ ಮುಂದೆ ಇನ್ನೊಂದು... ಒಬ್ಬ ಮನುಷ್ಯ ಅವಸರ ಇಲ್ದೆ ನಡ್ಕೊಂಡು ಹೋದ ಹಾಗೆ. ಆಮೇಲೆ ನೀರು ಮತ್ತೆ ಕಂಚಿನ ತಟ್ಟೆ.

ಯೋಚನೆ ಮಾಡಿ ನೀವೇ. ಬದುಕಿದ್ದೋರನ್ನ ಸಾಗಿಸಿದ್ವಿ. ತೊಟ್ಟಿಲು, ಒನಕೆ, ಬಾಗಿಲ ಚೌಕಟ್ಟು ಸಾಗಿಸಿದ್ವಿ. ಊರ ದೇವಿ ಚೌಡಮ್ಮನ ಕಲ್ಲನ್ನ ತಪ್ಪು ಕಾಣಿಕೆ ಕಟ್ಟಿ, ತಲೆ ಮೇಲೆ ಹೊತ್ಕೊಂಡು ಹೋದ್ವಿ. ಮಣ್ಣೊಳಗಿದ್ದೋರನ್ನ ಬರ್ತೀರಾ ಅಂತ ಕೇಳಿದೋರು ಯಾರಿದ್ರು? ಆ ಪುಣ್ಯಾತ್ಮ ಕೇಳ್ದ.

ವಾಪಸ್ ಬರೋವಾಗ ಗಾಡಿ ಗಡಿಯಾರದ ಹಾಗೆ ಓಡ್ತು, ಕೆಂಪು ದೀಪ ಮತ್ತೆ ಕಾಣ್ಲಿಲ್ಲ. ಮನೆ ಮುಂದೆ ಇಳಿದ ಶೇಷಮ್ಮ ತಮ್ಮನ ಕಡೆ ತಿರುಗಿ ಅಂದ್ಲು, "ನಾಳೆ ಅವರಿಗೆ ಎಡೆ ಇಡಲ್ಲ. ಕೆಲಸದ ಮೇಲಿರೋರನ್ನ ಸತ್ತೋರ ಸಾಲಲ್ಲಿ ಕೂರಿಸ್ಬಾರ್ದು. ಬುತ್ತಿ ಕಟ್ಟಿಕೊಡ್ತೀನಿ, ಅಲ್ಲಿ ಇಟ್ಟು ಬಾ. ಟ್ರಿಪ್ಪು ಮುಗಿದ ದಿನ ಅವರೇ ಬರ್ತಾರೆ."

ಅಜ್ಜ ಮಾತು ನಿಲ್ಲಿಸಿದರು. ಈಗಲೂ ಬುತ್ತಿ ಕಟ್ಟುತ್ತಾರಾ ಎಂದು ವಾಗ್ದೇವಿ ಟೀಚರ್ ಮೆಲ್ಲಗೆ ಕೇಳಿದರು.

"ಪ್ರತೀ ದೊಡ್ಡ ಹಬ್ಬಕ್ಕೂ," ಎಂದರು ಅಜ್ಜ. "ಬಾಳೆಎಲೇಲಿ ಕಡುಬು, ಉಪ್ಪಿನಕಾಯಿ. ಮಾಸ್ತಪ್ಪ ಹೋಗಿ ಇಟ್ಟು ಬರ್ತಾನೆ, ತಿರುಗಿ ನೋಡಲ್ಲ.

"ಬೇಸಿಗೇಲಿ ಅಲ್ಲಿ ನೀರು ಇಳೀತದೆ, ಗೊತ್ತಲ್ಲ. ಆ ಹಳೇ ರಸ್ತೆ ನೂರು ಮಾರು ಮೇಲೆ ಬರ್ತದೆ, ಮೆತ್ತನೆ ಕೆಸರು. ಈ ವರ್ಷ ನಾನೂ ಮಗನ ಕೈ ಹಿಡ್ಕೊಂಡು ಹೋಗಿದ್ದೆ. ಕಾರು ಆಗ ಹೆಗಡೇರ ಶೆಡ್ಡಲ್ಲಿ, ಎರಡು ಗಾಲಿ ಬಿಚ್ಚಿ ಇಟ್ಟಿತ್ತು, ನಾವೇ ಬಿಚ್ಚಿದ್ದು. ಆದ್ರೆ ಕೆಸರಲ್ಲಿ ಟೈರಿನ ಗುರುತಿದೆ ಅಪ್ಪಯ್ಯ ಅಂದ ಮಗ. ನನಗೆ ಕಣ್ಣು ಕಾಣಲ್ಲ, ಕೂತು ಕೈಯಿಟ್ಟು ನೋಡ್ದೆ. ಇಳಿದು ಹೋದ ಗುರುತು ಉಗುರಿನಷ್ಟು ಆಳ, ಖಾಲಿ ಗಾಡೀದು. ಹತ್ತಿ ಬಂದ ಗುರುತಲ್ಲಿ ನನ್ನ ಅಂಗೈ ಪೂರ್ತಿ ಮುಳುಗ್ತು.

"ಅದು ಮೇಲಿನ ರಸ್ತೆ ಹತ್ತಿ ಹೊಸನಗರದ ಕಡೆ ತಿರುಗಿತ್ತು, ಮುಳುಗಡೆಯೋರು ಹೋಗಿ ಕೂತ ಊರುಗಳ ಕಡೆ. ನಿಮ್ಮಲ್ಲಿ ಅಲ್ಲಿಯೋರು ಯಾರಿದೀರೋ ನನಗೆ ತಿಳೀದು. ಇದ್ರೆ ಒಂದು ಮಾತು. ಮಳೆ ಇಲ್ಲದ ದಿನ, ಮಂಜೂ ಇಲ್ಲದ ದಿನ, ಹೊಸ್ತಿಲ ಆಚೆ ಯಾರದೋ ಬಟ್ಟೆಯಿಂದ ನೀರು ತೊಟ್ಟಿಕ್ಕೋ ಸದ್ದು ಕೇಳಿಸಿದ್ರೆ... ಹೆದರ್ಬೇಡಿ. ಬಾಗ್ಲು ತೆಗೀರಿ. ನಿಮ್ಮೋರೇ."